ನೆಟ್ ಬಂದ್, ಬಿಲ್ ಚಾಲೂ: ಟ್ರಾಯ್ ನಿಯಮ ನಮ್ಮ ಓಣಿತನಕ ಯಾಕ ಬರವಲ್ದು?

ನವನಗರ ಮಾಸ್ತರ್ (ಬಾಗಲಕೋಟೆ)

ನಮ್ಮ ಸೆಕ್ಟರಿನಾಗ ಗಟಾರ ತೋಡೋ ಜೆಸಿಬಿ ಫೈಬರ್ ಹರದಿತ್ತು. ವಾರದ ಮ್ಯಾಲೆ ನೆಟ್ ಇರಲಿಲ್ಲ. ಮಗಳ ಸಿಇಟಿ ಕ್ಲಾಸು, ನನ್ನ ಸಾಲಿ ಕೆಲಸ ಎಲ್ಲಾ ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲೆ. ಅದಕ್ಕ ಬ್ಯಾರೆ ಡೇಟಾ ಪ್ಯಾಕ್ ಹಾಕಿಸಿದ್ದಾತು. ಲೈನ್ ಬಂದ ಮ್ಯಾಲೆ ಕೇಬಲ್‌ನವಗ ಕೇಳಿದೆ, "ಬಂದ್ ಇದ್ದ ದಿನ ಪ್ಲಾನಿಗೆ ಕೂಡ್ಸು ತಮ್ಮಾ" ಅಂತ. "ಸಿಸ್ಟಮ್‌ನ್ಯಾಗ ಅಂಥಾ ಆಪ್ಷನ್ ಇಲ್ರೀ ಸರ್ರ" ಅಂದ. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ್ರ "ಲೋಕಲ್ ಆಪರೇಟರನ್ನ ಕೇಳ್ರಿ" ಅಂತಾರ.

ಮೂರು ದಿನದಾಗ ರಿಪೇರಿ ಆಗ್ಲಿಲ್ಲಂದ್ರ ಗಿರಾಕಿಗೆ ಪರಿಹಾರ ಕೊಡಬೇಕು ಅಂತ ಟ್ರಾಯ್ (ಫೋನ್, ಇಂಟರ್‌ನೆಟ್ ಕಂಪನಿಗಳ ಮ್ಯಾಲೆ ಕಣ್ಣಿಡೋ ಕೇಂದ್ರದ ನಿಯಂತ್ರಣ ಪ್ರಾಧಿಕಾರ) ನಿಯಮ ಮಾಡೇತಿ ಅಂತ ಪೇಪರಿನಾಗ ಓದಿದ ನೆನಪು. ಖರೇನ? ಖರೇ ಇದ್ರ ಯಾರ ಬಾಗಲಾ ಬಡೀಬೇಕು? ಕಂಪನಿ ಹೆಸರು ಬರಿಯೂದಿಲ್ಲ. ಯಾವ ಓಣಿಗೆ ಹೋದ್ರೂ ಇದ ಕಥಿ ಕೇಳ್ತೀನಿ.

ಮುಚಖಂಡಿ ಕ್ರಾಸ್

ವಿದ್ಯಾಗಿರಿಯಾಗೂ ಹಿಂಗ ಆಗಿತ್ರಿ. ಕೇಳಿದ್ರ "ನಾವೇನು ಹರದೇವೇನ್ರಿ, ಜೆಸಿಬಿಯವ್ರನ್ನ ಕೇಳ್ರಿ" ಅಂದ್ರು. ರೊಕ್ಕ ಇಸಗೊಂಡಾವ್ರು ಇವ್ರು, ಕೇಳೂದು ಜೆಸಿಬಿಯವ್ರನ್ನ!

ಕೋರ್ಟ್ ಕಟ್ಟಿ (ಜಮಖಂಡಿ)

ಮಾಸ್ತರ್ರೇ, ನಿಯಮ ಖರೇನೇ ಇದೆ. 2024ರ ಆಗಸ್ಟ್ 2ರಂದು ಟ್ರಾಯ್ ಹೊಸ ಸೇವಾ ಗುಣಮಟ್ಟ ನಿಯಮಾವಳಿ ಹೊರಡಿಸಿತು. ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಬ್ರಾಡ್‌ಬ್ಯಾಂಡ್‌ಗೆ 2006ರದು, ಫೋನಿಗೆ 2009ರದು, ಮೊಬೈಲ್ ಡೇಟಾಗೆ 2012ರದು ಅಂತ ಬೇರೆ ಬೇರೆ ಇದ್ದವು. ಈಗ ಎಲ್ಲಾ ಒಂದೇ ಕಡೆ.

ಪೇಪರಿನವರು ಇದರೊಳಗಿನ ಎರಡು ಸಂಗತಿ ಕೂಡಿಸಿ ಬರೆದು ಗೊಂದಲ ಮಾಡಿದ್ದಾರೆ. ಮೊದಲನೆಯದು, ಒಂದು ಜಿಲ್ಲೆಯಲ್ಲಿ ನೆಟ್‌ವರ್ಕ್ 24 ತಾಸಿಗಿಂತ ಹೆಚ್ಚು ಬಿದ್ದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ದಿನದಲ್ಲಿ 12 ತಾಸಿನ ಮೇಲೆ ಬಂದ್ ಇದ್ದರೆ ಅದು ಪೂರ್ತಿ ದಿನ ಅಂತ ಲೆಕ್ಕ. ಇದು ಟವರ್, ದೊಡ್ಡ ಲೈನ್ ಹೋದಾಗಿನ ಮಾತು. ಒಂದು ಸೆಕ್ಟರಿನ ಫೈಬರ್ ಹರಿದರೆ ಇದರೊಳಗೆ ಬರೋದು ಕಷ್ಟ. ಎರಡನೆಯದು ನಿಮ್ಮದು: ಮನೆಗೆ ವೈರ್ ಎಳೆದು ಕೊಡುವ ಸೇವೆಯಲ್ಲಿ ದೋಷ ಬಂದು ರಿಪೇರಿ ಮೂರು ದಿನ ಮೀರಿದರೆ ಗಿರಾಕಿಗೆ ಪರಿಹಾರ ಸಲ್ಲಬೇಕು. ಪ್ರೀಪೇಯ್ಡ್ ಇದ್ದರೂ ಸಲ್ಲಬೇಕು. "ಸಿಸ್ಟಮ್‌ನ್ಯಾಗ ಆಪ್ಷನ್ ಇಲ್ಲ" ಅನ್ನೋದು ಕಾನೂನಿನ ಉತ್ತರ ಅಲ್ಲ. ಆಪ್ಷನ್ ಇಟ್ಟುಕೊಳ್ಳೋದು ಕಂಪನಿಯ ಕೆಲಸ.

ಗುಣಮಟ್ಟ ತಪ್ಪಿದರೆ ದಂಡವೂ ಇದೆ. ಮೊದಲು ಒಂದು ಮಾನದಂಡಕ್ಕೆ 50 ಸಾವಿರ ರೂಪಾಯಿ ಇತ್ತು, ಈಗ 1 ಲಕ್ಷದಿಂದ ಹಿಡಿದು 10 ಲಕ್ಷದವರೆಗೆ.

ಬಾದಾಮಿ ಅಕ್ಕ

ವಕೀಲ್ರ, ಆ 10 ಲಕ್ಷ ಯಾರಿಗೆ ಹೊಕ್ಕಾವು?

ಕೋರ್ಟ್ ಕಟ್ಟಿ (ಜಮಖಂಡಿ)

ಸರ್ಕಾರದ ಖಾತೆಗೆ ಅಕ್ಕಾರ.

ಬಾದಾಮಿ ಅಕ್ಕ

ಹಂಗಾರ ಕತ್ತಲ್ಯಾಗ ಕುಂತಾಂವ ಮಾಸ್ತರು, ದಂಡ ಸರ್ಕಾರಕ್ಕ. ಚಲೋ ಆತು.

ಹಳೇ ಎಕ್ಸ್‌ಚೇಂಜ್ (ಮುಧೋಳ)

ನಾನು ಟೆಲಿಫೋನ್ ಎಕ್ಸ್‌ಚೇಂಜಿನಾಗ ಕೆಲಸ ಮಾಡಿ ರಿಟೈರ್ ಆದಂವ. ಹಳೇ ಮಾತು ಅಂತ ಬೈಬ್ಯಾಡ್ರಿ, ಒಂದು ಹೇಳತೀನಿ.

ಆಗ ಫೋನ್ ಡೆಡ್ ಆದ್ರ 198ಕ್ಕ ಹಚ್ಚತಿದ್ರು. ಡಾಕೆಟ್ ನಂಬರ್, ಅಂದ್ರ ದೂರಿನ ನಂಬರ್, ಬೀಳತಿತ್ತು. ಆ ನಂಬರ್ ಬಿದ್ದ ತಾಸಿನಿಂದ ಲೆಕ್ಕ ಚಾಲೂ. 2006ರ ಬ್ರಾಡ್‌ಬ್ಯಾಂಡ್ ನಿಯಮದಾಗ ಸಾಫ್ ಇತ್ತು: ಮೂರು ದಿನ ದಾಟಿ ಏಳು ದಿನದೊಳಗ ಆದ್ರ 7 ದಿನದ ಬಾಡಿಗಿ ಮಾಫ್, ಹದಿನೈದರೊಳಗ ಆದ್ರ 15 ದಿನದ್ದು, ಅದನ್ನೂ ದಾಟಿದ್ರ ಒಂದು ತಿಂಗಳದ್ದು. ಅಂದ್ರ ಈ ಹಕ್ಕು 2024ರಾಗ ಹೊಸದಾಗಿ ಮುಗಲಿಂದ ಬಿದ್ದದ್ದಲ್ಲ. ಮೊದಲಿಂದ ಐತಿ, ಮಂದಿಗೆ ಗೊತ್ತಿಲ್ಲ.

ಫರಕ್ ಏನಂದ್ರ, ಆಗ ದೂರು ಬರಕೊಳ್ಳಾಂವ, ಲೈನ್ ಜೋಡಸಾಂವ, ಬಿಲ್ ಕೊಡಾಂವ ಮೂರೂ ಒಂದ ಇಲಾಖೆ. ಈಗ ಬಿಲ್ ಒಬ್ಬಂದು, ಫೈಬರ್ ಒಬ್ಬಂದು, ಕಂಬ ಇನ್ನೊಬ್ಬಂದು, ಓಡಾಡೋ ಹುಡುಗ ಮತ್ತೊಬ್ಬನ ಕಡೆ ಪಗಾರಕ್ಕ. ದೂರು ಯಾರ ವಹಿಯೊಳಗ ಬಿತ್ತು ಅಂತ ಹುಡಕೂದ್ರಾಗ ಲೈನ್ ತಾನ ಬಂದಿರತೈತಿ.

ನವನಗರ ಮಾಸ್ತರ್ (ಬಾಗಲಕೋಟೆ)

ಕಾಕಾರ, ನನ್ನ ಹಂತೇಕ ಡಾಕೆಟ್ ನಂಬರ್ ಇಲ್ಲ. ಹುಡುಗನ ವಾಟ್ಸಾಪ್‌ಗೆ ಹಾಕಿದ ಮೆಸೇಜ್ ಅದಾವ. ಅವನ ಥಂಬ್ಸ್ ಅಪ್ ಐತಿ. ಅಷ್ಟ.

ಕೋರ್ಟ್ ಕಟ್ಟಿ (ಜಮಖಂಡಿ)

ಎಲ್ಲಾರೂ ಸಿಗೋದು ಇಲ್ಲೇ. 2012ರ ದೂರು ಪರಿಹಾರ ನಿಯಮಾವಳಿ ಪ್ರಕಾರ ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿದರೆ ಡಾಕೆಟ್ ನಂಬರ್ ಕೊಡಲೇಬೇಕು, ಎಸ್ಸೆಮ್ಮೆಸ್ಸಿನಲ್ಲಿ ಬರಬೇಕು. ಕೆಲಸ ಆಗಲಿಲ್ಲ ಅಂದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಅಪೀಲು. ಫೀ ಇಲ್ಲ. ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು.

ವಾಟ್ಸಾಪ್ ಮೆಸೇಜು ಗ್ರಾಹಕರ ಆಯೋಗದಲ್ಲಿ ಸಾಕ್ಷಿಯಾದೀತು, ಆದರೆ ಕಂಪನಿಯ ಪುಸ್ತಕದಲ್ಲಿ ಅದು ದೂರೇ ಅಲ್ಲ. ಟ್ರಾಯ್‌ಗೆ ಹೋಗುವ ವರದಿಯಲ್ಲೂ ನಿಮ್ಮ ಸೆಕ್ಟರಿನ ಕಥೆ ಬರೋದಿಲ್ಲ. ಅಲ್ಲಿ ಬರೋದು ಇಷ್ಟು ಡಾಕೆಟ್ ಬಂದವು, ಇಷ್ಟು ಶೇಕಡಾ ವೇಳೆಗೆ ಬಗೆಹರಿದವು ಅಂತ. ಡಾಕೆಟ್ಟೇ ಆಗದಿದ್ದರೆ ಕಂಪನಿಯ ಲೆಕ್ಕದಲ್ಲಿ ನವನಗರದಲ್ಲಿ ಏನೂ ಕೆಟ್ಟೇ ಇಲ್ಲ.

ಕೇಬಲ್ ಹುಡುಗ (ಇಳಕಲ್)

ಎಲ್ಲಾರೂ ನಮ್ಮ ಮ್ಯಾಲೆ ಬೀಳಾಕತ್ತೀರಿ, ನಮ್ದೂ ಒಂದೀಟು ಕೇಳ್ರಿ. ನಾ ಮಾಸ್ತರ್ರ ಊರಿನಾಂವ ಅಲ್ಲ. ಆದ್ರ ಕೆಲಸ ಅದ.

ಮೊದಲ ಇದು ತಿಳಕೋರಿ. ಇಂಟರ್‌ನೆಟ್ ಲೈಸೆನ್ಸು ನಮ್ಮ ಹೆಸರಿಲೆ ಇರೂದಿಲ್ಲ. ಲೈಸೆನ್ಸಿನಾಗ ಎ, ಬಿ, ಸಿ ಅಂತ ಅದಾವ. ಎ ಅಂದ್ರ ಇಡೀ ದೇಶ, ಬಿ ಅಂದ್ರ ಒಂದು ಟೆಲಿಕಾಂ ಸರ್ಕಲ್ (ಹೆಚ್ಚು ಕಡಿಮಿ ಒಂದು ರಾಜ್ಯ), ಸಿ ಅಂದ್ರ ಸಣ್ಣ ಏರಿಯಾ. ನಮ್ಮಂಥಾ ಓಣಿ ಆಪರೇಟರು ಬಹಳ ಮಂದಿ ಫ್ರಾಂಚೈಸಿ. ನೀವು ಕೊಟ್ಟ ರೊಕ್ಕದಾಗ ಪಾಲು ಮ್ಯಾಲಿನ ಕಂಪನಿಗೆ ಹೋಗತೈತಿ, ಜಿಎಸ್‌ಟಿ 18 ಪರ್ಸೆಂಟ್ ಹೋಗತೈತಿ, ಉಳಿದದ್ದರಾಗ ಹುಡುಗರ ಪಗಾರ, ಕಂಬದ ಬಾಡಿಗಿ, ಪೆಟ್ರೋಲ್. ವ್ಯಾಲಿಡಿಟಿ ಕೂಡಸೋ ಬಟನ್ ನಮ್ಮ ಲಾಗಿನ್‌ನ್ಯಾಗ ಖರೇನ ಇಲ್ರಿ. ಮ್ಯಾಲಿನವ್ರಿಗೆ ಮೇಲ್ ಹಾಕಬೇಕು. ಒಬ್ಬೊಬ್ಬರಿಗೆ ಹಾಕಿದ್ರ "ಪ್ರೂಫ್ ಕಳಸು" ಅಂತಾರ.

ಇನ್ನ ಜೆಸಿಬಿ. ಫೈಬರ್ ಹರದ್ರ ಒಂದ ಕಡೆ ಹರಿಯೂದಿಲ್ಲ, ಎಳಕೊಂಡು ಹೋಗತೈತಿ. ಹರದ ತುದಿಯಿಂದ ಹತ್ತಿಪ್ಪತ್ತು ಮೀಟರ್ ಒಳಗೂ ಎಳಿ ಸೀಳಿರತಾವ. ಅಷ್ಟೂ ಕತ್ತರಿಸಿ ಒಗದು ಹೊಸಾ ತುಂಡು ಎಳದು ಎರಡೂ ಕಡೆ ಜಾಯಿಂಟ್ ಹಾಕಬೇಕು. ಗಟಾರದ ದಂಡಿ ಮ್ಯಾಲೆ ತಾಡಪಲ್ ಹಾಸಿ, ಸ್ಪ್ಲೈಸಿಂಗ್ ಮಶೀನ್ ತೊಡಿ ಮ್ಯಾಲೆ ಇಟಗೊಂಡು ಕುಂದರತೀವಿ. ಎಳಿ ಒರಸೂದು, ಕಟ್ ಮಾಡೂದು, ಮಶೀನ್‌ನ್ಯಾಗ ಎರಡೂ ತುದಿ ಎದರಾ ಬದರಾ ಇಡೂದು, ಚಿಟ್ ಅಂತ ಕಿಡಿ ಬಂತಂದ್ರ ಕೂಡಿತು. ಗಾಳಿಗೆ ಒಂದು ಕಣ ಧೂಳ ಕುಂತ್ರ ಬೆಳಕು ಲಾಸ್ ಆಗತೈತಿ, ಮತ್ತ ಕತ್ತರಿಸೂದು. ಆಮ್ಯಾಲ ಮೀಟರ್ ಹಚ್ಚಿ ನೋಡಿದ್ರ ಗಿರಾಕಿ ಮನ್ಯಾಗ ಬೆಳಕಿನ ಜೋರು ಮೈನಸ್ 27 ಡಿಬಿಎಂಕಿಂತ ಕೆಳಗ ಬಂದಿದ್ರ ಡಬ್ಬಿ ಮ್ಯಾಲಿನ ಕೆಂಪು ದೀಪ ಆರೂದ ಇಲ್ಲ. 24 ಎಳಿ ಇದ್ರ ಎರಡೂ ಕಡೆ ಸೇರಿ 48 ಸಲ ಇದು. ರಾತ್ರಿ ಮೊಬೈಲ್ ಬ್ಯಾಟರಿ ಬೆಳಕಿನಾಗ ಮಾಡೀವಿ. ಕೆಲಸ ಮುಗಿಸಿ ಎದ್ದ ಮರುದಿನ ಅದ ಜೆಸಿಬಿ ಐವತ್ತು ಹೆಜ್ಜಿ ಮುಂದ.

ರಬಕವಿ ಮಗ್ಗ

ನಿನ್ನ ಕಷ್ಟ ಖರೇ ತಮ್ಮಾ. ಆದ್ರ ಅಗಿಯಾವ್ರು, ಕೇಬಲ್‌ನವ್ರು ಒಬ್ಬರಿಗೊಬ್ಬರು ಫೋನ್ ಮಾಡಿದ್ರ ಅರ್ಧ ಹರಿಯೂದ ಇಲ್ಲ.

ಕೋರ್ಟ್ ಕಟ್ಟಿ (ಜಮಖಂಡಿ)

ಕೇಬಲ್ ತಮ್ಮ ಹೇಳಿದ ತಾಂತ್ರಿಕ ಮಾತೆಲ್ಲಾ ಒಪ್ಪೋಣ. ಆದರೆ ಫ್ರಾಂಚೈಸಿ ಅನ್ನೋದು ಅವರವರ ಒಳಗಿನ ವ್ಯವಹಾರ. ಗಿರಾಕಿಗೆ ಜವಾಬುದಾರ ಲೈಸೆನ್ಸ್ ಇದ್ದಂವ. ಮಾಸ್ತರ್ರೇ, ಮೊದಲು ನಿಮ್ಮ ಬಿಲ್ ತೆಗೆದು ನೋಡಿ, ಯಾರ ಹೆಸರು ಇದೆ?

ಮುಚಖಂಡಿ ಕ್ರಾಸ್

ಬಿಲ್ಲ? ನಮ್ಮ ಕಡೆ ಬಿಲ್ಲೂ ಇಲ್ಲ, ಪಾವತೀನೂ ಇಲ್ಲ. ಹುಡುಗ ಬರತಾನ, ರೊಕ್ಕ ಇಸಗೋತಾನ, "ರಿಚಾರ್ಜ್ ಆತ್ರಿ" ಅಂತಾನ.

ಕೋರ್ಟ್ ಕಟ್ಟಿ (ಜಮಖಂಡಿ)

ಹಂಗಾದರೆ ನಿಮ್ಮ ಸ್ಥಿತಿ ಮಾಸ್ತರ್ರಿಗಿಂತ ಬಿಗಿ. ನಗದು ಕೊಡೋದು ನಿಲ್ಲಿಸಿ, ಯುಪಿಐ ಮಾಡಿ. ಕಂಪನಿಯ ಆ್ಯಪಿನಲ್ಲಿ ನಿಮ್ಮ ಹೆಸರು, ನಿಮ್ಮ ಮೊಬೈಲ್ ನಂಬರ್ ಇದೆಯೋ ನೋಡಿ. ಕೆಲವು ಕಡೆ ಗಿರಾಕಿ ಖಾತೆಗೆ ಆಪರೇಟರನ ನಂಬರೇ ಹಾಕಿರುತ್ತಾರೆ. ಹಂಗಿದ್ದರೆ ಡಾಕೆಟ್ ಎಸ್ಸೆಮ್ಮೆಸ್ಸು ಅವನಿಗೇ ಹೋಗುತ್ತದೆ, ದೂರು ಬಗೆಹರಿದಿದೆ ಅಂತ ಓಟಿಪಿ ಕೊಡೋನೂ ಅವನೇ.

ಕೇಬಲ್ ಹುಡುಗ (ಇಳಕಲ್)

ಇದು ನಡೀತೈತಿ, ಸುಳ್ಳ ಯಾಕ ಹೇಳಲಿ. ನಾವು ಮಾಡೂದಿಲ್ಲ.

ಜಮಖಂಡಿಯಿಂದ ಮ್ಯಾಂಚೆಸ್ಟರ್

ಊರ ಸುದ್ದಿ ಓದ್ಲಿಕ್ಕೆ ಬಂದವ ಇಲ್ಲೇ ಕುಂತೆ. ಇಲ್ಲಿ ಬ್ರಿಟನ್ನಿನಾಗ ಇದಕ್ಕ ಬೇರೆ ಹಾದಿ ಹಿಡಿದಾರ. ಇಲ್ಲಿಯ ನಿಯಂತ್ರಕ ಆಫ್‌ಕಾಮ್. 2019ರ ಏಪ್ರಿಲ್‌ನಿಂದ ತಾನಾಗಿ ಪರಿಹಾರ ಬರುವ ಯೋಜನೆ ನಡೀತದ. ಲೈನ್ ಹೋಗಿ ಎರಡು ಪೂರ್ತಿ ಕೆಲಸದ ದಿನ ಕಳದರೂ ರಿಪೇರಿ ಆಗ್ಲಿಲ್ಲಂದ್ರ ಆಮ್ಯಾಲಿನ ಪ್ರತಿ ದಿನಕ್ಕ ಇಷ್ಟು ಅಂತ ಬಿಲ್ಲಿನಾಗ ಜಮಾ. ಶುರುವಿನಾಗ ದಿನಕ್ಕ 8 ಪೌಂಡ್ ಇತ್ತು. ಲೈನ್ ಹೋಗೇದ ಅಂತ ಒಮ್ಮೆ ತಿಳಿಸಿದ್ರ ಸಾಕು, ಪರಿಹಾರ ಕೊಡ್ರಿ ಅಂತ ಬ್ಯಾರೆ ಅರ್ಜಿ ಹಾಕೂದು ಇಲ್ಲ, ಜಗಳಾನೂ ಇಲ್ಲ. ಆದ್ರ ಇದು ಕಡ್ಡಾಯ ಕಾನೂನಲ್ಲ, ಕಂಪನಿಗಳು ತಾವಾಗಿ ಸೇರುವ ಯೋಜನೆ. ಎಲ್ಲಾ ಕಂಪನಿ ಸೇರಿಲ್ಲ.

ನಮ್ಮಲ್ಲಿ ನಿಯಮದ ಮಾತು ಚಲೋ ಅದ, ಕೊಡಬೇಕು ಅಂತ ಬರದಾರ. ಕೇಳದ ಇದ್ದವಗ ಯಾರು ಕೊಡ್ತಾರ ಅನ್ನೂದರ ಮ್ಯಾಲೆ ಎಲ್ಲಾ ನಿಂತದ.

ನವನಗರ ಮಾಸ್ತರ್ (ಬಾಗಲಕೋಟೆ)

ಲೆಕ್ಕ ಹಾಕಿ ನೋಡಿದೆ. ತಿಂಗಳಿಗೆ ತೆರಿಗಿ ಸೇರಿ 590 ಕೊಡಾಂವಗ ದಿನಕ್ಕ 20 ರೂಪಾಯಿ ಹತ್ತಿರ. ವಾರ ಹೋದ್ರ ನೂರಾ ನಲವತ್ತರ ಹತ್ತಿರ. ಇದರ ಸಲುವಾಗಿ ಅಪೀಲು, 39 ದಿನ, ಆಯೋಗ ಅಂತ ಯಾರು ತಿರಗತಾರ? ಕಂಪನಿಗೂ ಇದು ಗೊತ್ತೈತಿ. ನೂರಾ ನಲವತ್ತು ಒಬ್ಬಂಗ ಸಣ್ಣದು, ಇಡೀ ಸೆಕ್ಟರಿನ ಮನಿ ಎಣಿಸಿದ್ರ ಸಣ್ಣದಲ್ಲ.

ಕೇಬಲ್ ಹುಡುಗ (ಇಳಕಲ್)

ಒಂದು ಗುಟ್ಟು ಹೇಳತೀನಿ, ಮ್ಯಾಲಿನವ್ರು ಬೈದ್ರ ಬೈಲಿ. ನಿಮ್ಮ ಡಬ್ಬಿ ಯಾವ ಮಿನಿಟಿಗೆ ಬಂದ್ ಆತು, ಯಾವಾಗ ಚಾಲೂ ಆತು ಅಂತ ಎಲ್ಲಾ ಆಫೀಸಿನ ಮಶೀನ್‌ನ್ಯಾಗ ಬರದಿರತೈತಿ. ಒಎಲ್‌ಟಿ ಅಂತೀವಿ ಅದಕ್ಕ. ಒಂದು ಪೋರ್ಟಿನ, ಅಂದ್ರ ಆ ಮಶೀನಿನಿಂದ ಹೊಂಟ ಒಂದು ಲೈನಿನ, ಮ್ಯಾಲಿನ ಅಷ್ಟೂ ಡಬ್ಬಿ ಒಮ್ಮೆಲೆ ಕೆಂಪ ಆದ್ವು ಅಂದ್ರ ಫೈಬರ್ ಹರದೈತಿ ಅಂತ ನೀವು ಫೋನ್ ಮಾಡೂಕಿಂತ ಮೊದಲ ನಮಗ ಗೊತ್ತಿರತೈತಿ. ಒಬ್ಬಂದ ಬಂದ್ ಆದ್ರ ಡಬ್ಬಿಗೆ ಕರೆಂಟ್ ಹೋಗೇತೋ ಫೈಬರ್ ಹರದೈತೋ ಅದೂ ತಿಳೀತೈತಿ. ಪ್ರೂಫ್ ಕಳಸು ಅನ್ನೂದು ನಾಟಕ. ಪ್ರೂಫ್ ಅವ್ರ ಸರ್ವರ್‌ನ್ಯಾಗ ಐತಿ.

ಹಳೇ ಎಕ್ಸ್‌ಚೇಂಜ್ (ಮುಧೋಳ)

ಶಾಬಾಸ್ ತಮ್ಮಾ! ಇಡೀ ಚರ್ಚೆಯೊಳಗ ಕೆಲಸದ ಮಾತು ಇದು.

ಹಂಗಿದ್ರ ಟ್ರಾಯ್ ಕೇಳಬೇಕಾದ್ದು ಡಾಕೆಟ್ ಎಷ್ಟು ಅಂತಲ್ಲ, ಆ ಮಶೀನಿನ ಲಾಗ್. ಒಂದು ಪೋರ್ಟ್ ಮೂರು ದಿನ ದಾಟಿ ಬಂದ್ ಇದ್ರ ಆ ಪೋರ್ಟಿನ ಗಿರಾಕಿಗಳಿಗೆಲ್ಲಾ ತಾನ ವ್ಯಾಲಿಡಿಟಿ ಕೂಡಬೇಕು. ದೂರು ಕೊಟ್ಟಾಂವ, ಕೊಡದಾಂವ ಎಲ್ಲಾರಿಗೂ. ನಮ್ಮ ಕಾಲದಾಗ ಲಾಗ್ ಇರಲಿಲ್ಲ, ಅದಕ್ಕ ಡಾಕೆಟ್ ಬೇಕಿತ್ತು. ಈಗ್ಯಾಕ ಬೇಕು?

ಘಟಪ್ರಭಾ ದಂಡಿ

ಸಣ್ಣ ಆಪರೇಟರಿಗೆ ಇಷ್ಟೆಲ್ಲಾ ಹೇರಿದ್ರ ಅವ್ರು ಬಾಗಲಾ ಹಾಕ್ತಾರ. ಆಮ್ಯಾಲ ಎರಡು ದೊಡ್ಡ ಕಂಪನಿ ಅಷ್ಟ ಉಳೀತಾವ. ರೂಲ್ ಜಾಸ್ತಿ ಆದಂಗ ರೇಟೂ ಜಾಸ್ತಿ. 2024ರ ಜುಲೈದಾಗ ಮೊಬೈಲ್ ರಿಚಾರ್ಜ್ ಮೂರೂ ಕಂಪನಿ ಬೆನ್ನಿಗೆ ಬೆನ್ನು ಹಚ್ಚಿ ಏರಿಸಿದ್ರಲ್ಲಾ, ಟ್ರಾಯ್ ಏನ ಮಾಡ್ತು?

ಕೋರ್ಟ್ ಕಟ್ಟಿ (ಜಮಖಂಡಿ)

ಏನೂ ಮಾಡಲಿಲ್ಲ, ಮಾಡೋದೂ ಇಲ್ಲ. ಮೊಬೈಲ್, ಬ್ರಾಡ್‌ಬ್ಯಾಂಡ್ ದರ ಕಟ್ಟೋದು ಕಂಪನಿಗೆ ಬಿಟ್ಟದ್ದು. ಪ್ಲಾನ್ ತಂದ ಏಳು ಕೆಲಸದ ದಿನದೊಳಗೆ ಟ್ರಾಯ್‌ಗೆ ತಿಳಿಸಬೇಕು, ಅಷ್ಟೇ. ಹಂಗಾಗಿ ದರ ಏರಿದ್ದಕ್ಕೆ ನಿಯಮ ಜಾಸ್ತಿ ಆಗಿದ್ದೇ ಕಾರಣ ಅನ್ನೋದು ನಿಲ್ಲೋದಿಲ್ಲ, ದರದ ಮೇಲೆ ನಿಯಮವೇ ಇಲ್ಲ. ಸಣ್ಣವರ ಮಾತು ಮಾತ್ರ ಖರೆ. ದೊಡ್ಡ ಕಂಪನಿಗೆ ವರದಿ ತುಂಬಲು ಒಂದು ವಿಭಾಗವೇ ಇರುತ್ತದೆ, ಓಣಿ ಆಪರೇಟರನ ಮೇಲೆ ಅದೇ ಭಾರ ಹಾಕಿದರೆ ಆತ ಉಳಿಯೋದಿಲ್ಲ. ಹಾಕಬೇಕಾದ್ದು ಲೈಸೆನ್ಸ್ ಹಿಡಿದವನ ಮೇಲೆ. ಸರ್ವರ್ ಅವನದೇ ತಾನೆ.

ಬಾದಾಮಿ ಅಕ್ಕ

ದರಕ್ಕ ಕೈ ಹಾಕೂದಿಲ್ಲ ಅಂತೀರಿ, ಆದ್ರ ಪ್ಯಾಕಿಗೆ ಹಾಕ್ಯಾರ. ನಮ್ಮ ಅತ್ತಿ ಕೈಯಾಗಿರೂದು ಬಟನ್ ಫೋನ್. ಆಕಿಗೆ ದಿನಕ್ಕ ಒಂದೂವರೆ ಜಿಬಿ ತಗೊಂಡು ಏನ್ ಮಾಡೂದೈತಿ? 2024ರ ಡಿಸೆಂಬರ್‌ದಾಗ ಟ್ರಾಯ್ ಹೇಳ್ತು, ಬರೇ ಮಾತು ಮತ್ತ ಎಸ್ಸೆಮ್ಮೆಸ್ ಇರೋ ಪ್ಯಾಕ್ ಇಡಲೇಬೇಕು, ವ್ಯಾಲಿಡಿಟಿ 365 ದಿನದ ತನಕ ಕೊಡಬಹುದು ಅಂತ. ಅಲ್ಲೀತನಕ ಅಂಥಾ ಪ್ಯಾಕಿಗೆ 90 ದಿನ ಮ್ಯಾಲಿನ ಮಿತಿ ಇತ್ತು. ಈಗ ಸಿಗತಾವ. ಆದ್ರ ಅಂಗಡಿಯಾಂವ ತಾನಾಗಿ ಹೇಳೂದಿಲ್ಲ, ಕೇಳಬೇಕು. ಬೋರ್ಡಿನ ಮ್ಯಾಲೆ ಡೇಟಾ ಪ್ಯಾಕ್ ಅಷ್ಟ ಬರದಿರತೈತಿ.

28 ದಿನದ ಆಟಾನೂ ಹಿಂಗ. ವರ್ಷಕ್ಕ ಹನ್ನೆರಡು ತಿಂಗಳಿಗೆ ಹದಿಮೂರು ರಿಚಾರ್ಜ್. 2022ರಾಗ 30 ದಿನದ್ದೊಂದು, ಪ್ರತಿ ತಿಂಗಳ ಅದ ತಾರೀಖಿಗೆ ಬರೂದೊಂದು ಇಡಬೇಕು ಅಂತ ಆದೇಶ ಆತು. ಇಟ್ಟಾರ. ಹುಡಕಿದ್ರ ಆ್ಯಪಿನ ಕಡೀ ತುದಿಗೆ ಸಿಗತಾವ.

ರಬಕವಿ ಮಗ್ಗ

ಅಕ್ಕಾರ, ಇದು ಗೊತ್ತಿರಲಿಲ್ಲ. ನಮ್ಮ ಮಗ್ಗದ ಆಳುಗಳಿಗೆ ಹೇಳತೀನಿ.

ಒಂದು ಕೇಳೂದೈತಿ. ನಾವು ಸೀರಿ ಫೋಟೋ ವಾಟ್ಸಾಪ್‌ನ್ಯಾಗ ಕಳಿಸಿ ಮಾರಾವ್ರು. ಪುಣೆ, ಸೋಲಾಪುರದ ಗಿರಾಕಿ ವಿಡಿಯೋ ಕಾಲ್ ಹಚ್ಚಿ "ಸೆರಗು ತಿರುವಿ ತೋರಸ್ರಿ, ದಡಿ ಹತ್ತರಾ ಹಿಡೀರಿ" ಅಂತಾರ. ಆಗ ಚಿತ್ರ ಚೌಕ್ ಚೌಕ್ ಆಗಿ ನಿಂತ್ರ ಕೆಂಪೋ ಮೆರೂನೋ ತಿಳಿಯೂದಿಲ್ಲ, ವ್ಯಾಪಾರ ಹೋತು. ಪ್ಲಾನಿನಾಗ "100 ಎಂಬಿಪಿಎಸ್ ತನಕ" ಅಂತ ಐತಿ. ಸಂಜಿ ಏಳರ ಮ್ಯಾಲೆ ಹತ್ತೂ ಬರೂದಿಲ್ಲ. ಈ "ತನಕ" ಅನ್ನೂದಕ್ಕ ಕೆಳಗಿನ ಮಿತಿ ಐತೇನು?

ಕೋರ್ಟ್ ಕಟ್ಟಿ (ಜಮಖಂಡಿ)

ಕೇಳಿದರೆ ನಗು ಬರುತ್ತದೆ. 2004ರ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. 2013ರಲ್ಲಿ 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್. ಅಂದರೆ 2 ಬಂದರೂ ಕಾಗದದ ಮೇಲೆ ಅದು ಬ್ರಾಡ್‌ಬ್ಯಾಂಡೇ. ಆದರೆ 100 ಅಂತ ಮಾರಿ ಹತ್ತು ಕೊಡೋದು ಗ್ರಾಹಕ ಕಾಯ್ದೆಯಲ್ಲಿ ಸೇವಾ ನ್ಯೂನತೆಯ ಪ್ರಶ್ನೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಚ್ಚಿ, ಒಂದೇ ಹೊತ್ತಿಗೆ ಒಂದಿಷ್ಟು ದಿನ ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಟ್ರಾಯ್‌ದೇ ಮೈಸ್ಪೀಡ್ ಅನ್ನೋ ಆ್ಯಪ್ ಇದೆ. ವೈಫೈ ಮೇಲೆ ಅಳೆದರೆ "ನಿಮ್ಮ ಗೋಡೆ ದಪ್ಪ ಐತಿ" ಅಂತ ಜಾರಿಕೊಳ್ಳುತ್ತಾರೆ.

ಜಮಖಂಡಿಯಿಂದ ಮ್ಯಾಂಚೆಸ್ಟರ್

ಅಮೆರಿಕದಾಗ ಇದಕ್ಕೊಂದು ಉಪಾಯ ಮಾಡ್ಯಾರ. ಬಿಸ್ಕೀಟ್ ಪುಡಿಕಿ ಮ್ಯಾಲೆ ಇರೋ ಪಟ್ಟಿ ಇರ್ತದಲ್ಲ, ಅಂಥಾದ್ದ ಬ್ರಾಡ್‌ಬ್ಯಾಂಡ್ ಪ್ಲಾನಿಗೂ ಹಚ್ಚಬೇಕು: ದರ, ಆ ದರ ಎಷ್ಟು ತಿಂಗಳದ್ದು, ಬ್ಯಾರೆ ಫೀ, ಸಾಮಾನ್ಯವಾಗಿ ಬರೋ ಸ್ಪೀಡು, ಡೇಟಾ ಮಿತಿ. 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗೆ, ಅಕ್ಟೋಬರ್‌ನಿಂದ ಸಣ್ಣವಕ್ಕ. ನಮ್ಮಲ್ಲೂ ಅಂಥಾ ಪಟ್ಟಿ ಕನ್ನಡದಾಗ ಬಂದ್ರ ರಬಕವಿಯವರು "ತನಕ"ದ ಸಲುವಾಗಿ ವಕೀಲರನ್ನ ಕೇಳೂದು ತಪ್ಪತದ.

ಘಟಪ್ರಭಾ ದಂಡಿ

ಬೇರೆ ದೇಶದ ಮಾತು ಸಾಕು. ಅಲ್ಲೇ ನೆಟ್ ನ್ಯೂಟ್ರಾಲಿಟಿ (ಎಲ್ಲಾ ಸೈಟು, ಆ್ಯಪಿಗೂ ನೆಟ್ ಒಂದ ನಮೂನಿ ಕೊಡಬೇಕು ಅನ್ನೋ) ನಿಯಮ 2015ರಾಗ ಬಂತು, 2017ರಾಗ ಹೋತು, 2024ರಾಗ ಮತ್ತ ಬಂತು, 2025ರ ಜನವರಿದಾಗ ಕೋರ್ಟು ತಗದು ಒಗೀತು. ಇಂಥಾ ನಿಯಮ ತಗೊಂಡು ಏನ ಮಾಡೂದು?

ಕೋರ್ಟ್ ಕಟ್ಟಿ (ಜಮಖಂಡಿ)

ಅದಕ್ಕೇ ಹೇಳೋದು, ನಮ್ಮಲ್ಲಿ ಅದು ನಿಂತಿದೆ ಅಂತ. 2016ರ ಫೆಬ್ರುವರಿ 8ರಂದು ಟ್ರಾಯ್ ಆದೇಶ: ಯಾವ ವೆಬ್‌ಸೈಟು, ಯಾವ ಆ್ಯಪು ಅನ್ನೋದರ ಮೇಲೆ ಡೇಟಾ ದರ ಬೇರೆ ಮಾಡುವಂತಿಲ್ಲ. ತಪ್ಪಿದರೆ ದಿನಕ್ಕೆ 50 ಸಾವಿರ, ಗರಿಷ್ಠ 50 ಲಕ್ಷ ದಂಡ. ಕೆಲವೇ ಸೈಟು ಪುಕ್ಕಟೆ ತೋರಿಸುವ ಫೇಸ್‌ಬುಕ್‌ನವರ ಫ್ರೀ ಬೇಸಿಕ್ಸ್ ಇದರಿಂದ ಇಲ್ಲಿ ಬಂದ್ ಆಯಿತು. ಅದಕ್ಕೂ ಹಿಂದಿನ ವರ್ಷ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕಿಂತ ಹೆಚ್ಚು ಮೇಲ್ ಹೋಗಿದ್ದವು. ಒಬ್ಬೊಬ್ಬರು ಡಾಕೆಟ್ ಹಿಡಿದು ಗೆದ್ದದ್ದಲ್ಲ ಅದು.

ಇಳಕಲ್ ಸೀರಿ ಅಂಗಡಿ

ಇದು ನಮಗ ನೇರ ತಾಕತೈತಿ. ನಮ್ಮದ ಸಣ್ಣ ವೆಬ್‌ಸೈಟ್ ಐತಿ, ಟೋಪ್ ತೆನಿ ಸೆರಗಿನ ಸೀರಿ ಅದರಾಗ ಮಾರತೀವಿ. ದೊಡ್ಡ ಶಾಪಿಂಗ್ ಆ್ಯಪು ಪುಕ್ಕಟ ತೆರೀತೈತಿ, ನಮ್ಮದಕ್ಕ ಡೇಟಾ ಹೋಗತೈತಿ ಅಂತ ಆಗಿದ್ರ ನಮ್ಮ ಸೈಟಿಗೆ ಯಾರು ಬರತಿದ್ರು?

ಘಟಪ್ರಭಾ ದಂಡಿ

ನೀವು ಅಂಗಡಿಯವ್ರು, ನಿಮಗ ಹಂಗ. ರೊಕ್ಕ ಇಲ್ಲದಾಂವಗ ಒಂದೀಟರ ಪುಕ್ಕಟ ಸಿಗತಿತ್ತು, ಅದೂ ಹೋತು. ನನ್ನ ಮಾತು ಅಲ್ಲೇ ಐತಿ.

ಇಳಕಲ್ ಸೀರಿ ಅಂಗಡಿ

ಇರಲ್ರಿ. 2016ರ ಸೆಪ್ಟೆಂಬರ್‌ದಾಗ ಜಿಯೋ ಬಂದು ಎಲ್ಲಾರ ರೇಟೂ ಇಳೀತು. ಪುಕ್ಕಟ ಪ್ಯಾಕ್ ಬ್ಯಾಡಾತು.

ಹುನಗುಂದ ಹೊಲ

ನಮ್ಮ ಹಳ್ಳಿಯಾಗ ಫೈಬರ್ರ ಇಲ್ಲ, ನಿಮ್ಮ ಗದ್ದಲ ಕೇಳಿ ಹೊಟ್ಟೆಕಿಚ್ಚಾಗಾಕತ್ತೈತಿ. ಸಿಮ್ ತಗೊಂಡು ಬಂದ ಮ್ಯಾಲೆ ಮನ್ಯಾಗ ಸಿಗ್ನಲ್ ಇಲ್ಲ ಅಂತ ತಿಳೀತೈತಿ.

ಕೋರ್ಟ್ ಕಟ್ಟಿ (ಜಮಖಂಡಿ)

ಅದೇ 2024ರ ನಿಯಮದಲ್ಲಿ ಕಂಪನಿಗಳು ಎಲ್ಲಿ 2ಜಿ, ಎಲ್ಲಿ 4ಜಿ, ಎಲ್ಲಿ 5ಜಿ ಸಿಗುತ್ತದೆ ಅಂತ ನಕಾಶೆ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಸಿಮ್ ಕೊಳ್ಳುವ ಮೊದಲು ನಿಮ್ಮ ಊರು ಹಿಗ್ಗಿಸಿ ನೋಡಿ. ನಕಾಶೆಯಲ್ಲಿ ಬಣ್ಣ ಇದ್ದು ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದರ ಫೋಟೋ ನಿಮ್ಮ ದೂರಿಗೆ ಜೋಡಿಸಿ. ಮೊಬೈಲ್ ನಂಬರ್ ಆದರೆ 1900ಕ್ಕೆ ಮೆಸೇಜ್ ಹಾಕಿ ಬೇರೆ ಕಂಪನಿಗೆ ಹೋಗಬಹುದು. 2011ರಿಂದ ಆ ಸೌಲಭ್ಯ ಇದೆ.

ನವನಗರ ಮಾಸ್ತರ್ (ಬಾಗಲಕೋಟೆ)

ಬ್ರಾಡ್‌ಬ್ಯಾಂಡಿಗೆ ಹಂಗಿಲ್ಲಲ್ರಿ. ಕಂಪನಿ ಬದಲಿಸಿದ್ರ ಡಬ್ಬಿ ಬದಲಿ, ಡಿಪಾಸಿಟ್ ಬ್ಯಾರೆ, ಆರು ತಿಂಗಳಿಗೆ ಕಟ್ಟಿದ ರೊಕ್ಕ ಹೋದಂಗ. ಆರ್ ತಿಂಗಳ ಪ್ಲಾನ್ ಅಗ್ಗ ಅಂತ ಹಾಕಿಸಿದಾವ್ರ ಎಲ್ಲಾರೂ ಅಲ್ಲೇ ಕಟ್ಟಿಬಿದ್ದೇವಿ.

ಕೇಬಲ್ ಹುಡುಗ (ಇಳಕಲ್)

ಆರು ತಿಂಗಳ ಪ್ಲಾನ್ ಹಾಕಿಸಬ್ಯಾಡ್ರಿ ಅಂತ ನಾನ ಹೇಳಾಂವ ಅಲ್ಲ, ಆದ್ರ ಹೊಸಾ ಆಪರೇಟರ್ ಇದ್ರ ಮೊದಲ ಒಂದು ತಿಂಗಳ ನೋಡ್ರಿ. ಮಳಿಗಾಲದಾಗ ನೋಡ್ರಿ ಅಂದ್ರೂ ಅಡ್ಡಿಯಿಲ್ಲ.

ಸಂತಿ ಕಟ್ಟಿ (ಗುಳೇದಗುಡ್ಡ)

ಜಗಳ ಗದ್ದಲ ಆದಾಗ ಸರ್ಕಾರನ ನೆಟ್ ಬಂದ್ ಮಾಡತೈತಲ್ಲ, ಅದಕ್ಕ ಏನೈತಿ ಕಾನೂನು? ಸಂತಿ ದಿನ ಫೋನ್‌ಪೇ ನಿಂತ್ರ ಖಣದ ವ್ಯಾಪಾರ ಅರ್ಧ ಹೋತು.

ಕೋರ್ಟ್ ಕಟ್ಟಿ (ಜಮಖಂಡಿ)

ಅದು ಬೇರೆಯೇ ಚರ್ಚೆಗೆ ಆಗುವಷ್ಟಿದೆ. ಚಿಕ್ಕದಾಗಿ: 2020ರ ಜನವರಿ 10ರಂದು ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು, ಅಂಥ ಆದೇಶ ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ಮುಚ್ಚುವಂತಿಲ್ಲ, ಆಪತ್ತಿಗೆ ತಕ್ಕಷ್ಟೇ ಇರಬೇಕು. ಆ ವರ್ಷವೇ ಒಂದು ಆದೇಶಕ್ಕೆ 15 ದಿನದ ಮಿತಿ ಬಂತು. ಹಂಗಾಗಿ ಬಂದ್ ಆದಾಗ ಆದೇಶದ ಪ್ರತಿ ಕೇಳೋದು ನಿಮ್ಮ ಹಕ್ಕು.

ಈಗ ಮಾಸ್ತರ್ರ ಮಾತಿಗೆ ಬರೋಣ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸೋದಿಲ್ಲ, ಅಲ್ಲಿಗೆ ಬರೆದು ವೇಳೆ ಕಳೆಯಬೇಡಿ. ಹಾದಿ ಹಿಂಗಿದೆ: ಕಂಪನಿ ದೂರು ಕೇಂದ್ರ, ಡಾಕೆಟ್, ಮೇಲ್ಮನವಿ. ನಡುವೆ ಬೇಕಾದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕೇಂದ್ರದ ಸಾರ್ವಜನಿಕ ದೂರು ಪೋರ್ಟಲ್ಲಿನಲ್ಲಿ ದೂರಸಂಪರ್ಕ ಇಲಾಖೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಫೀ ಇಲ್ಲ. 2009ರ ಒಂದು ತೀರ್ಪು ಹಿಡಿದು "ಟೆಲಿಫೋನ್ ತಂಟೆ ಗ್ರಾಹಕರ ಕೋರ್ಟಿಗೆ ಬರೋದಿಲ್ಲ" ಅಂತ ಕಂಪನಿಗಳು ವಾದ ಮಾಡುತ್ತಿದ್ದವು. 2022ರ ಫೆಬ್ರುವರಿ 16ರಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ತೆರೆದಿಟ್ಟಿತು.

ಒಬ್ಬರೇ ಹೋಗಬೇಡಿ. ಗ್ರಾಹಕ ಕಾಯ್ದೆಯಲ್ಲಿ ಒಂದೇ ತೊಂದರೆ ಆದ ಹಲವರು ಕೂಡಿ ಒಂದೇ ದೂರು ಕೊಡಲು ಅವಕಾಶ ಇದೆ, ಅದಕ್ಕೆ ಆಯೋಗದ ಅನುಮತಿ ಬೇಕು. ಸೆಕ್ಟರಿನವರೆಲ್ಲಾ ಕೂಡಿದರೆ ನೂರಾ ನಲವತ್ತರ ಲೆಕ್ಕ ಬೇರೆ ಆಗುತ್ತದೆ.

ನವನಗರ ಮಾಸ್ತರ್ (ಬಾಗಲಕೋಟೆ)

ಇವತ್ತ ಕಂಪನಿ ನಂಬರಿಗೆ ಹಚ್ಚಿದೆ. ಲೋಕಲ್‌ನವನ್ನ ಕೇಳ್ರಿ ಅಂತ ಶುರು ಮಾಡಿದ್ರು. "ನನಗ ಡಾಕೆಟ್ ನಂಬರ್ ಬೇಕು, ಅಷ್ಟ ಕೊಡ್ರಿ" ಅಂತ ಅಲ್ಲೇ ಕುಂತೆ. ಎಸ್ಸೆಮ್ಮೆಸ್ ಬಂತು. ಬಿಲ್ ಮೇಲ್‌ನ್ಯಾಗ ಇತ್ತು, ಲೈಸೆನ್ಸ್ ಕಂಪನಿ ಹೆಸರು, ಜಿಎಸ್‌ಟಿ ನಂಬರ್ ಎಲ್ಲಾ ಐತಿ. ದೂರಿಗೆ ಹಿಂಗ ಬರದೀನಿ, ವಕೀಲ್ರು ನೋಡಬೇಕು:

"ನನ್ನ ಬ್ರಾಡ್‌ಬ್ಯಾಂಡ್ ಸಂಪರ್ಕವು ಮೂರು ದಿನಕ್ಕಿಂತ ಹೆಚ್ಚು ಕಾಲ ಸ್ಥಗಿತವಾಗಿತ್ತು. 2024ರ ಸೇವಾ ಗುಣಮಟ್ಟ ನಿಯಮಾವಳಿಯಂತೆ ವ್ಯಾಲಿಡಿಟಿ ವಿಸ್ತರಿಸಬೇಕು. ಸ್ಥಗಿತದ ಅವಧಿಯನ್ನು ತಮ್ಮ ಒಎಲ್‌ಟಿ ಲಾಗ್‌ನಿಂದ ಪರಿಶೀಲಿಸಿ, ಅದರ ಪ್ರತಿಯನ್ನು ನನಗೆ ಕೊಡಬೇಕು."

ಕೋರ್ಟ್ ಕಟ್ಟಿ (ಜಮಖಂಡಿ)

ಚೆನ್ನಾಗಿದೆ. ಬಂದ್ ಆದ ತಾರೀಖು, ಚಾಲೂ ಆದ ತಾರೀಖು ಎರಡೂ ಹಾಕಿ. "ಇದೇ ಪೋರ್ಟಿನ ಇತರ ಗ್ರಾಹಕರಿಗೂ ವಿಸ್ತರಿಸಬೇಕು" ಅಂತ ಒಂದು ಸಾಲು ಸೇರಿಸಿ.

ಕೇಬಲ್ ಹುಡುಗ (ಇಳಕಲ್)

ಲಾಗ್ ಅಂದ ಕೂಡಲೇ ಅವ್ರು ಫೋನ್ ಹಚ್ಚತಾರ ನೋಡ್ರಿ ಸರ್ರ. ಫೋನ್‌ನ್ಯಾಗ ಒಪ್ಪಕೋಬ್ಯಾಡ್ರಿ, ಮೇಲ್ ಹಾಕ್ರಿ ಅನ್ರಿ. ಮತ್ತ ನಿಮ್ಮ ಹುಡುಗನ್ನ ಬೈಬ್ಯಾಡ್ರಿ, ಅವನ ಲಾಗಿನ್‌ನ್ಯಾಗ ಆ ಬಟನ್ ಖರೇನ ಇಲ್ಲ.

ಮುಚಖಂಡಿ ಕ್ರಾಸ್

ಮಾಸ್ತರ್ರ, ಆ ದೂರಿನ ಒಕ್ಕಣಿ ನಾನೂ ಕಾಪಿ ಮಾಡ್ಕೊಂಡೆ. ನಾಳೆ ಹುಡುಗ ರೊಕ್ಕಕ್ಕ ಬರತಾನ, ಮೊದಲ ಬಿಲ್ ಕೇಳತೀನಿ.